ಗರ್ಭದಲ್ಲಿರುವಾಗ ನಮಗೂ ಮೀನಿನಂತೆ ಕಿವಿರುಗಳಿದ್ದವೇ?

ಪ್ರಶ್ನೆ: ಮನುಷ್ಯನ ಭ್ರೂಣಕ್ಕೆ ಆರಂಭದ ವಾರಗಳಲ್ಲಿ ಮೀನಿಗಿರುವಂಥ ಕಿವಿರುಗಳಿದ್ದು, ಆಮೇಲೆ ಅವು ಮಾಯವಾಗುತ್ತವೆ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಕಿವಿರು ಯಾವ ಹಂತದಲ್ಲೂ ಇರುವುದಿಲ್ಲ. ಆದರೆ ಈ ಮಾತಿಗೆ ಕಾರಣವಾದ ರಚನೆ ನಿಜವಾಗಿಯೂ ಇರುತ್ತದೆ. ಅದು ಮಾಯವಾಗುವುದೂ ಇಲ್ಲ. ನಿಮ್ಮ ದವಡೆ, ಕಿವಿ, ಗಂಟಲುಗಳಾಗಿ ರೂಪ ಬದಲಿಸಿಕೊಂಡು ಈಗಲೂ ನಿಮ್ಮಲ್ಲೇ ಇದೆ.

ಫಲೀಕರಣದ ನಂತರದ ನಾಲ್ಕನೆಯ ವಾರದಲ್ಲಿ (ಕೊನೆಯ ಮುಟ್ಟಿನಿಂದ ಎಣಿಸುವ ವೈದ್ಯರ ಲೆಕ್ಕದಲ್ಲಿ ಇದು ಆರನೆಯ ವಾರ), ಭ್ರೂಣದ ಉದ್ದ ಇನ್ನೂ 4-5 ಮಿ.ಮೀ. ಇರುವಾಗಲೇ, ಮುಂದೆ ಕುತ್ತಿಗೆಯಾಗಲಿರುವ ಜಾಗದ ಎರಡೂ ಬದಿಗಳಲ್ಲಿ ಒಂದರ ಕೆಳಗೊಂದರಂತೆ ಉಬ್ಬುಗಳು ಏಳುತ್ತವೆ. ಇವೇ ಫ್ಯಾರಿಂಜಿಯಲ್ ಆರ್ಚ್‌ಗಳು, ಅಂದರೆ ಗಂಟಲಿನ ಕಮಾನುಗಳು. ಇವನ್ನು 1, 2, 3, 4, 6 ಎಂದು ಎಣಿಸುತ್ತಾರೆ. ಐದನೆಯದು ಮನುಷ್ಯರಲ್ಲಿ ಮೂಡುವುದೇ ಇಲ್ಲ, ಇಲ್ಲವೇ ಮೂಡಿದಷ್ಟೇ ಬೇಗ ಅಳಿಯುತ್ತದೆ. ಕಮಾನುಗಳ ನಡುವೆ ಹೊರಗಡೆ ತೋಡುಗಳೂ ಒಳಗಡೆ ಚೀಲದಂಥ ತಗ್ಗುಗಳೂ ಇದ್ದು, ಅವೆರಡರ ಮಧ್ಯೆ ತೆಳುವಾದ ಪೊರೆಯೊಂದು ಉಳಿದಿರುತ್ತದೆ. ಮೀನಿನಲ್ಲಿ ಈ ಪೊರೆ ಹರಿದು ನೀರು ಹಾಯುವ ಸೀಳುಗಳಾಗುತ್ತವೆ ಮತ್ತು ಕಮಾನುಗಳ ಮೇಲೆ ಉಸಿರಾಟದ ಎಳೆಗಳು ಬೆಳೆಯುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಪೊರೆ ಹರಿಯುವುದಿಲ್ಲ, ಎಳೆಗಳಂತೂ ಹುಟ್ಟುವುದೇ ಇಲ್ಲ.

ಗೊಂದಲ ಹಳೆಯದು. 1825ರಲ್ಲಿ ಜರ್ಮನ್ ಭ್ರೂಣವಿಜ್ಞಾನಿ ರಾಟ್ಕೆ ಹಂದಿಯ ಭ್ರೂಣದಲ್ಲಿ ಈ ತೋಡುಗಳನ್ನು ಗುರುತಿಸಿ ಅವನ್ನು ಕಿವಿರಿನ ಸೀಳುಗಳೆಂದೇ ಕರೆದರು. ಮೂರು ವರ್ಷಗಳ ನಂತರ ಮತ್ತೊಬ್ಬ ಭ್ರೂಣವಿಜ್ಞಾನಿ ಫಾನ್ ಬೇರ್, ಒಂದು ಪ್ರಾಣಿಯ ಭ್ರೂಣವು ಮತ್ತೊಂದರ ಭ್ರೂಣವನ್ನು ಹೋಲಬಹುದೇ ಹೊರತು ಬೆಳೆದ ಪ್ರಾಣಿಯನ್ನಲ್ಲ ಎಂದು ಸ್ಪಷ್ಟಪಡಿಸಿದರು. ಆದರೂ 1866ರಲ್ಲಿ ಜರ್ಮನ್ ಜೀವವಿಜ್ಞಾನಿ ಹೆಕೆಲ್ ಮಂಡಿಸಿದ, ಭ್ರೂಣವು ತನ್ನ ಪೂರ್ವಜರ ಇತಿಹಾಸವನ್ನೇ ಪುನರಾವರ್ತಿಸುತ್ತದೆ ಎಂಬ ವಾದವೇ ಹೆಚ್ಚು ಜನಪ್ರಿಯವಾಯಿತು. ನನ್ನ ಮಟ್ಟಿಗೆ ಫಾನ್ ಬೇರ್ ಅವರ ಆ ಎಚ್ಚರಿಕೆಯ ಮಾತೇ ಇಂದಿಗೂ ಈ ಪ್ರಶ್ನೆಗೆ ಸರಿಯಾದ ಉತ್ತರ.

ಇನ್ನು ಆ ಕಮಾನುಗಳು ಏನಾಗುತ್ತವೆ ಎಂಬುದನ್ನು ನೋಡೋಣ. ಕಿರುಬೆರಳಿನ ತುದಿಯನ್ನು ಕಿವಿಯ ರಂಧ್ರದಲ್ಲಿ ಮೆತ್ತಗೆ ಇಟ್ಟು ಬಾಯಿ ತೆರೆದು ಮುಚ್ಚಿದರೆ, ದವಡೆಯ ಕೀಲು ಬೆರಳಿಗೆ ತಾಗುತ್ತದೆ. ಈ ನೆರೆಹೊರೆ ಆಕಸ್ಮಿಕವಲ್ಲ. ದವಡೆ, ಅಗಿಯುವ ಸ್ನಾಯುಗಳು ಮತ್ತು ಮಧ್ಯಕಿವಿಯ ಸುತ್ತಿಗೆ, ಅಡಿಗಲ್ಲು ಎಂಬ ಪುಟ್ಟ ಮೂಳೆಗಳು ಮೊದಲನೆಯ ಕಮಾನಿನಿಂದ ಬಂದವು. ಬೆರಳಿಟ್ಟ ರಂಧ್ರ ಮೊದಲನೆಯ ತೋಡಿನಿಂದಾದದ್ದು. ಅದರ ಕೊನೆಯಲ್ಲಿರುವ ಕಿವಿತಮಟೆ, ಮೀನಿನಲ್ಲಾದರೆ ಹರಿದುಹೋಗುತ್ತಿದ್ದ ಆ ಪೊರೆಯ ಜಾಗದಲ್ಲೇ ರೂಪುಗೊಂಡದ್ದು.

ಪ್ರತಿ ಕಮಾನಿಗೂ ತನ್ನದೇ ನರವಿದ್ದು, ಸ್ನಾಯುಗಳು ಎಲ್ಲಿಗೆ ಸರಿದರೂ ಆ ನರವನ್ನು ಬಿಟ್ಟುಕೊಡುವುದಿಲ್ಲ. ಎರಡನೆಯ ಕಮಾನಿನ ಸ್ನಾಯುಗಳು ಮುಖದ ತುಂಬ ಹರಡಿ ನಗು, ಹುಬ್ಬುಗಂಟುಗಳನ್ನು ಮೂಡಿಸುತ್ತವೆ. ಅದೇ ಕಮಾನಿನ ಒಂದು ಕಿರುಸ್ನಾಯು ಮಧ್ಯಕಿವಿಯ ಮೂರನೆಯ ಮೂಳೆಯಾದ ರಿಕಾಪಿಗೆ ಅಂಟಿಕೊಂಡು, ದೊಡ್ಡ ಸದ್ದಿಗೆ ಅದರ ಕಂಪನವನ್ನು ತಗ್ಗಿಸುತ್ತದೆ. ಮುಖದ ನರ ದುರ್ಬಲವಾಗಿ ಬಾಯಿ ಒಂದು ಕಡೆಗೆ ಸೊಟ್ಟಗಾದ ಕೆಲವರಿಗೆ ಅದೇ ಬದಿಯ ಕಿವಿಯಲ್ಲಿ ಸಾಮಾನ್ಯ ಸದ್ದೂ ಕರ್ಕಶವಾಗಿ ಕೇಳಿಸುವುದು ಇದರಿಂದಲೇ. ಕೆಳಗಿನ ಕಮಾನುಗಳಿಂದ ನಾಲಿಗೆಯ ಬುಡದ ಮೂಳೆಯ ಭಾಗಗಳೂ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳೂ ಆಗುತ್ತವೆ.

ಉಳಿದ ತೋಡುಗಳನ್ನು ಎರಡನೆಯ ಕಮಾನು ಕೆಳಮುಖವಾಗಿ ಬೆಳೆದು ಮುಚ್ಚಿಬಿಡುತ್ತದೆ. ಈ ಮುಚ್ಚುವಿಕೆ ಪೂರ್ಣವಾಗದಿದ್ದರೆ ಕುತ್ತಿಗೆಯ ಬದಿಯಲ್ಲಿ ದ್ರವ ತುಂಬಿದ ಗಂಟೋ, ಚರ್ಮದ ಮೇಲೆ ತೆರೆದುಕೊಳ್ಳುವ ಸಣ್ಣ ರಂಧ್ರವೋ ಉಳಿಯಬಹುದು. ಗಂಟು ಹುಟ್ಟಿನಿಂದಲೇ ಇದ್ದರೂ ಎಷ್ಟೋ ಬಾರಿ ಹರೆಯದಲ್ಲಿ, ನೆಗಡಿಯ ಬೆನ್ನಿಗೆ ಊದಿಕೊಂಡಾಗಲೇ ಗಮನಕ್ಕೆ ಬರುತ್ತದೆ.

ಒಳಗಿನ ಚೀಲಗಳ ಕಥೆ ಇನ್ನೂ ವಿಚಿತ್ರ. ಮೂರನೆಯ ಚೀಲದಲ್ಲಿ ಹುಟ್ಟುವ ಪ್ಯಾರಾಥೈರಾಯ್ಡ್ ಗ್ರಂಥಿಯು (ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಪುಟ್ಟ ಗ್ರಂಥಿ) ಎದೆಯತ್ತ ಇಳಿಯುವ ಥೈಮಸ್‌ (ರೋಗನಿರೋಧಕ ಕಣಗಳು ಪಕ್ವವಾಗುವ ಗ್ರಂಥಿ) ಜೊತೆ ಹೊರಟು, ನಾಲ್ಕನೆಯ ಚೀಲದಲ್ಲಿ ಹುಟ್ಟಿದ ಇನ್ನೊಂದು ಪ್ಯಾರಾಥೈರಾಯ್ಡ್ ಗ್ರಂಥಿಯನ್ನೂ ದಾಟಿ ಅದರ ಕೆಳಗೆ ನೆಲೆಸುತ್ತದೆ. ಕೆಲವರಲ್ಲಿ ಅದು ನಡುವೆ ನಿಲ್ಲದೆ ಎದೆಗೂಡಿನವರೆಗೂ ಹೋಗಿರುತ್ತದೆ. ಆದ್ದರಿಂದಲೇ ಕುತ್ತಿಗೆಯಲ್ಲಿ ಈ ಗ್ರಂಥಿ ಸಿಗದಿದ್ದಾಗ ಶಸ್ತ್ರವೈದ್ಯರು ಥೈಮಸ್‌ನ ದಾರಿ ಹಿಡಿದು ಹುಡುಕುತ್ತಾರೆ.