ಮಂಗಳೂರಿನ ಬ್ರೂಪಬ್‌ಗೂ ಮೊದಲು ಇಲ್ಲಿ ಗಡಂಗು ಇತ್ತು

ಅಲ್ಲೇ ತಯಾರಿಸಿ ಅಲ್ಲೇ ಗ್ಲಾಸಿಗೆ ಬಿಡುವ ಬಿಯರ್ ಈಗ ಮಂಗಳೂರಿನಲ್ಲೂ ಸಿಗುತ್ತದೆ. ಕುಡಿಯುವವರಿಗೆ ಖುಷಿ, ಹೋಟೆಲಿನವರಿಗೂ ಖುಷಿ. ಆದರೆ "ಊರಲ್ಲೇ ತಯಾರಾದ ತಾಜಾ ಪಾನೀಯ ಇದೇ ಮೊದಲು" ಎಂದು ಯಾರಾದರೂ ಹೇಳಿದರೆ ತುಳುನಾಡಿನ ಹಳಬರು ನಕ್ಕುಬಿಡುತ್ತಾರೆ. ಬೆಳಿಗ್ಗೆ ಮರದಿಂದ ಇಳಿಸಿ ಸಂಜೆಯೊಳಗೆ ಖಾಲಿಯಾಗುವ ಕಳ್ಳು ಇಲ್ಲಿನ ಗಡಂಗುಗಳಲ್ಲಿ, ಅಂದರೆ ಕಳ್ಳಿನ ಅಂಗಡಿಗಳಲ್ಲಿ, ತಲೆಮಾರುಗಳಿಂದ ಇದೆ. ಅದು ಬದಿಗೆ ಸರಿದು ಬಾಟಲಿ ಬಿಯರ್ ಬಂದದ್ದು, ಬಾಟಲಿಯ ನಂತರ ಬ್ರೂಪಬ್‌ನ ಸ್ಟೀಲ್ ಟ್ಯಾಂಕ್ ಬಂದದ್ದು ಹೇಗೆ? ರುಚಿಯ ಪಾತ್ರ ಇದರಲ್ಲಿ ಕಡಿಮೆ. ಕಾನೂನು, ಸುಧಾರಣೆ, ಮಾನ ಮರ್ಯಾದೆಯ ಲೆಕ್ಕಾಚಾರವೇ ಜಾಸ್ತಿ.

ಮೊದಲು ಕಳ್ಳು ಇಳಿಸುವ ಕೆಲಸ ನೋಡೋಣ. ಇಲ್ಲಿ ಅದಕ್ಕೆ ಮೂರ್ತೆ ಅನ್ನುತ್ತಾರೆ, ಮಾಡುವವರು ಮೂರ್ತೆದಾರರು. ಹೆಚ್ಚಿನವರು ಬಿಲ್ಲವ ಸಮುದಾಯದವರು. ತೆಂಗಿನ ಹೊಂಬಾಳೆ ಬಿರಿಯುವ ಮೊದಲೇ ಅದನ್ನು ಬಿಗಿಯಾಗಿ ಸುತ್ತಿ ಕಟ್ಟಬೇಕು. ಎಲುಬಿನಿಂದಲೋ ಮರದ ತುಂಡಿನಿಂದಲೋ ಮೆಲ್ಲನೆ ಬಡಿದು ಹದ ಮಾಡಬೇಕು. ಬಡಿತ ಜೋರಾದರೆ ಹೊಂಬಾಳೆ ಕೆಡುತ್ತದೆ, ಕಡಿಮೆಯಾದರೆ ರಸ ಬರುವುದಿಲ್ಲ. ಆಮೇಲೆ ತುದಿಯನ್ನು ಕತ್ತಿಯಿಂದ ದಿನಾ ತೆಳ್ಳಗೆ ಸವರುತ್ತಾ ಹೋಗಬೇಕು. ರಸ ತೊಟ್ಟಿಕ್ಕಲು ಶುರುವಾಗುವುದಕ್ಕೇ ಎಷ್ಟೋ ದಿನ ಬೇಕು. ಶುರುವಾದ ಮೇಲೆ ಒಂದು ದಿನವೂ ರಜೆ ಇಲ್ಲ. ಮಳೆ ಬಂದರೂ ಮರ ಹತ್ತಲೇಬೇಕು, ಅದೂ ದಿನಕ್ಕೆ ಎರಡು ಮೂರು ಸಲ.

ಮಡಕೆಗೆ ಬೀಳುವಾಗ ರಸ ಬರೀ ಸಿಹಿ. ಯೀಸ್ಟ್ ಯಾರೂ ಹಾಕುವುದಿಲ್ಲ. ಅದು ಗಾಳಿಯಲ್ಲಿ, ಹೊಂಬಾಳೆಯ ಮೇಲೆ, ಹಳೇ ಮಡಕೆಯ ಒಳಗೋಡೆಯಲ್ಲಿ ಮೊದಲೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ. ಸಂಜೆ ಹೊತ್ತಿಗೆ ಅಮಲಿನಲ್ಲಿ ಹೆಚ್ಚುಕಡಿಮೆ ಸಾಧಾರಣ ಬಿಯರ್‌ನಷ್ಟಾಗುತ್ತದೆ. ಮರುದಿನಕ್ಕೆ ಹುಳಿ. ಇನ್ನೂ ಬಿಟ್ಟರೆ ವಿನೆಗರ್. ಮಡಕೆಗೆ ಸುಣ್ಣ ಸವರಿದರೆ ಹುಳಿಯುವುದು ನಿಂತು ನೀರಾ ಆಗುತ್ತದೆ, ಕಾಯಿಸಿದರೆ ಬೆಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸನ್ನಕ್ಕೆ ಹಿಟ್ಟು ಉಬ್ಬಿಸುತ್ತಿದ್ದದ್ದೂ ಇದೇ ಕಳ್ಳು. ಈಗ ಅಂಗಡಿಯ ಯೀಸ್ಟ್ ಹಾಕುತ್ತಾರೆ. ಸನ್ನ ಮೆತ್ತಗೇನೋ ಆಗುತ್ತದೆ, ಆ ಪರಿಮಳ ಬರುವುದಿಲ್ಲ.

ದೈವಗಳ ಲೋಕದಲ್ಲೂ ಕಳ್ಳಿಗೆ ಜಾಗ ಇದೆ. ಕೊರಗಜ್ಜ ಎಂದು ಪೂಜೆಗೊಳ್ಳುವ ಕೊರಗ ತನಿಯನನ್ನು ಸಾಕಿದ ಬೈದೆದಿ (ಬಿಲ್ಲವ ಹೆಂಗಸು) ಕಳ್ಳಿನ ವ್ಯಾಪಾರದವಳು ಎಂದು ತುಳುವಿನ ಜನಪದ ಹಾಡು ಪಾಡ್ದನ ಹೇಳುತ್ತದೆ. ಇವತ್ತಿಗೂ ಕೊರಗಜ್ಜನಿಗೆ ಹರಕೆ ಅಂದರೆ ಚಕ್ಕುಲಿ, ಎಲೆ ಅಡಿಕೆ, ಜೊತೆಗೆ ಕಳ್ಳು. ಕಳ್ಳು ಸಿಗದ ಕಡೆ ವೈನ್ ಶಾಪಿನ ಬಾಟಲಿಯೂ ನಡೆಯುತ್ತದೆ. ಅಜ್ಜ ಹೊಂದಿಕೊಂಡಿದ್ದಾನೆ, ಏನು ಮಾಡೋದು!

ಹತ್ತೊಂಬತ್ತನೇ ಶತಮಾನದಲ್ಲಿ ಈ ಕಸುಬಿನ ಮೇಲೆ ಎರಡು ಕಡೆಯಿಂದ ಒತ್ತಡ ಬಂತು. ಒಂದು ಸರಕಾರದ್ದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆಯ ನಂತರ ಲೈಸೆನ್ಸ್, ಮರಕ್ಕೆ ತೆರಿಗೆ, ಮರಕ್ಕೆ ನಂಬರು ಎಲ್ಲ ಬಿಗಿಯಾಯಿತು. ಇನ್ನೊಂದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನದು. 1834ರಲ್ಲಿ ಬಂದ ಈ ಮಿಷನ್ನಿನಲ್ಲಿ ಜರ್ಮನ್ನರು ಬೇಕಾದಷ್ಟಿದ್ದರು. ಜರ್ಮನ್ನರು ಅಂದಮೇಲೆ ಬಿಯರ್ ತರಬೇಕಿತ್ತು ಅಲ್ವಾ? ಇವರು ಕಟ್ಟಾ ಧರ್ಮನಿಷ್ಠರು, ಕುಡಿತದ ವಿರೋಧಿಗಳು. ಮತಾಂತರವಾದ ಬಿಲ್ಲವರು ಮೂರ್ತೆ ಬಿಡಬೇಕಿತ್ತು. ಬಿಟ್ಟವರ ಹೊಟ್ಟೆಪಾಡಿಗೆ ಕೆಲಸ ಬೇಕಲ್ಲ? ಮಿಷನ್ನು ನೇಯ್ಗೆ ಕಾರ್ಖಾನೆ ತೆಗೆಯಿತು. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯೂ ಬಂತು. ಮಂಗಳೂರು ಹಂಚಿನ ಕಥೆಯ ಬುಡದಲ್ಲಿ ಕಳ್ಳಿನ ಮಡಕೆಯೂ ಇದೆ ಎಂಬುದು ಇಲ್ಲಿನವರಿಗೂ ಅಷ್ಟಾಗಿ ನೆನಪಿಲ್ಲ.

ಮೂರನೆಯದು ಬಿಲ್ಲವರ ಒಳಗಿನಿಂದಲೇ ಬಂದ ಮಾತು. 1912ರಲ್ಲಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಪ್ರತಿಷ್ಠೆ ಮಾಡಿದ ಕೇರಳದ ನಾರಾಯಣ ಗುರುಗಳು ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಸಾರಿದವರು. ಶಾಲೆ, ಸಂಘಟನೆ, ಬೇರೆ ಉದ್ಯೋಗ ಇವು ಮೇಲೇರುವ ದಾರಿಯಾದವು. ಮರ ಹತ್ತುವುದು ಹಿಂದೆ ಬಿಡಬೇಕಾದ ಕೆಲಸವಾಯಿತು. ಇದನ್ನು ತಪ್ಪು ಅನ್ನಲಾಗದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಯವರಿಗೆ 'ಪರಂಪರೆ ಉಳಿಸಿ' ಎಂದು ಹೇಳುವ ಹಕ್ಕು ನಮಗಿಲ್ಲ.

ನಂತರ ಬಂದದ್ದು ಪಾನನಿಷೇಧ. 1937ರಲ್ಲಿ ರಾಜಾಜಿ ಸೇಲಂನಲ್ಲಿ ಶುರು ಮಾಡಿದ್ದು 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. ಗಡಂಗುಗಳ ಬಾಗಿಲು ಬಿತ್ತು. ಅದೇ ಹೊತ್ತಿಗೆ ಬಂಟ್ವಾಳ ಮೂಲದ ಕುಟುಂಬದ ವಿಠಲ ಮಲ್ಯ ಬೆಂಗಳೂರಿನಲ್ಲಿ ಯುನೈಟೆಡ್ ಬ್ರೂವರೀಸ್‌ನ ಆಡಳಿತ ಮಂಡಳಿ ಸೇರಿದ್ದರು, 1947ರಲ್ಲಿ. ಥಾಮಸ್ ಲೀಶ್‌ಮನ್ ಎಂಬಾತ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಕಟ್ಟಿದ ಕಂಪನಿ ಅದು. ದೇಶದ ದೊಡ್ಡ ಬಿಯರ್ ಕಂಪನಿಯನ್ನು ಬೆಳೆಸಿದ ಮಲ್ಯರ ಮೂಲ ಊರಿನಲ್ಲಿ ಬಿಯರೂ ಇಲ್ಲ, ಕಳ್ಳೂ ಇಲ್ಲ! ಕಾನೂನಿನ ಪ್ರಕಾರ ಇಲ್ಲ ಅಂತ ಓದಿಕೊಳ್ಳಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೂ ನಿಷೇಧ ಮುಂದುವರಿದು 1967ರಲ್ಲಿ ತೆರವಾಯಿತು.

ಎರಡು ದಶಕ ಸಣ್ಣ ಅಂತರವಲ್ಲ. ಬಾಗಿಲು ಮತ್ತೆ ತೆರೆದಾಗ ಸಾರಾಯಿ ಮತ್ತು ಬಾಟಲಿ ಮದ್ಯ ಮುಂದೆ ನಿಂತಿದ್ದವು. 2001ರಲ್ಲಿ ನುಸಿ ಪೀಡೆಯಿಂದ ಸೋತ ತೆಂಗು ಬೆಳೆಗಾರರು ನೀರಾ ಇಳಿಸುವ ಹಕ್ಕು ಕೇಳಿದಾಗ ಚನ್ನಪಟ್ಟಣದ ವಿಠ್ಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. 2004ರಲ್ಲಿ ರಾಜ್ಯದಲ್ಲಿ ಶೇಂದಿ, ಅಂದರೆ ಕಳ್ಳು, ನಿಷೇಧವಾಯಿತು. ಕಲಬೆರಕೆ ಹಾವಳಿ ಅದಕ್ಕೆ ಕಾರಣ. ದಕ್ಷಿಣ ಕನ್ನಡ ಮತ್ತು ಉಡುಪಿಗೆ ಮಾತ್ರ ವಿನಾಯಿತಿ ಸಿಕ್ಕಿತು. 2007ರಲ್ಲಿ ಸಾರಾಯಿಯೂ ಹೋಯಿತು. ಹೀಗೆ ಕಳ್ಳು ಕರಾವಳಿಯಲ್ಲಿ ಉಳಿದುಕೊಂಡಿತು. ಈಗಿನ ಕೊರತೆ ಮರ ಹತ್ತುವವರದ್ದು.

ಬೆಂಗಳೂರಿನಲ್ಲಿ ಅಲ್ಲೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು 2010ರ ಆಚೀಚೆ ಶುರುವಾದವು. ಮಂಗಳೂರಿಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. 2009ರ ಜನವರಿ 24ರಂದು ಇಲ್ಲಿನ ಪಬ್ ಒಂದರಲ್ಲಿ ಹುಡುಗಿಯರ ಮೇಲೆ ನಡೆದ ದಾಳಿಯನ್ನು ಟಿವಿಯಲ್ಲಿ ದೇಶವೆಲ್ಲ ನೋಡಿತ್ತು. ಅದಾದ ಮೇಲೆ ಈ ಊರಲ್ಲಿ ಪಬ್ಬಿನ ಮಾತು ಬರೀ ಕುಡಿತದ ಮಾತಾಗಿ ಉಳಿಯಲಿಲ್ಲ.

ಈಗ ಏನು ಕುಡಿಯಬಹುದು? ಬಾರ್ಲಿ ಇಲ್ಲಿ ಬೆಳೆಯುವುದಿಲ್ಲ, ಬಿಯರಿಗೆ ಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಹೊರಗಿನಿಂದಲೇ ಬರಬೇಕು. ಆದರೂ ಸೋಸದ ಗೋಧಿ ಬಿಯರ್ ಈ ಸೆಕೆಗೆ ಚೆನ್ನಾಗಿ ಒಗ್ಗುತ್ತದೆ. ಜರ್ಮನ್ ಗೋಧಿ ಬಿಯರ್ ಹೆಫೆವೈಜೆನ್‌ನಲ್ಲಿ ಬರುವ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟಿನದೇ, ಯಾರೂ ಎಸೆನ್ಸ್ ಹಾಕಿದ್ದಲ್ಲ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ವಿಟ್ ಬಿಯರ್ ಕಾಣೆ ಮೀನಿನ ರವಾ ಫ್ರೈಗೆ ಸರಿ. ಕಹಿ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರನ್ನು ಬಂಗುಡೆ ಪುಳಿಮುಂಚಿ ಜೊತೆ ತೆಗೆದುಕೊಳ್ಳಬೇಡಿ, ಖಾರ ಇನ್ನೂ ಏರುತ್ತದೆ. ಹುಳಿ ಬಿಯರ್‌ಗೆ ಪುನರ್ಪುಳಿ (ಕೋಕಂ) ಹಾಕಿ ನೋಡಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಗಡಂಗಿಗೂ ಹೋಗಿ. ಬೆಳಿಗ್ಗೆ ಹೋದರೆ ಸಿಹಿ, ಸಂಜೆ ಹೋದರೆ ಹುಳಿ ಮತ್ತು ಅಮಲು. ಯಾವ ಮರದ್ದು ಎಂದು ಕೇಳಿ. ತೆಂಗಿನದು, ತಾಳೆಯದು, ಬೈನೆಯದು ಒಂದೊಂದಕ್ಕೆ ಒಂದೊಂದು ರುಚಿ. ತಾಳೆಯದು ಬೇಕಾದರೆ ಬೇಸಿಗೆಯವರೆಗೆ ಕಾಯಬೇಕು.