ಪಾರ್ಟನರ್‌ಶಿಪ್ ಡೀಡ್ ಮಾಡೋ ಮೊದ್ಲ ಶೆಡ್ ಯಾರದು ಅಂತ ಬರೀರಿ

ದೀಪಾವಳಿ ಪಾಡ್ಯಕ್ಕ ಪೂಜೆ ಇಟ್ಕೊಂಡೀವ್ರಿ, ಅಷ್ಟ್ರಾಗ ಡೀಡ್ (ಪಾಲುದಾರಿಕೆ ಪತ್ರ) ಆಗ್ಬೇಕು ಅಂತ ವಾರ ಮೊದ್ಲ ನನ್ನ ಕಡೆ ಬರೋರು ನಮ್ಮ ಹುಬ್ಬಳ್ಳಿ ಕಡೆ ಭಾಳ ಮಂದಿ. ಕೈಯಾಗ ಒಂದು ಕರಡು ಇರ್ತೈತಿ, ಯಾರೋ ಪರಿಚಯದವರ ಕಿರಾಣಿ ಅಂಗಡಿ ಡೀಡ್ ತಗೊಂಡು ಟೈಪಿಂಗ್ ಸೆಂಟರ್‌ನಾಗ ಹೆಸರಷ್ಟ ಬದಲಿ ಮಾಡಿಸಿದ್ದು, ಹಂಗಾಗಿ ಖಾರದಪುಡಿ ಯುನಿಟ್ಟಿನ ಡೀಡಿನಾಗ ವ್ಯವಹಾರ ಅಂದಲ್ಲಿ ‘ಕಿರಾಣಿ ಹಾಗೂ ಇತರೆ’ ಅಂತ ಹಂಗ ಉಳಿದಿರ್ತೈತಿ. ಅದೇನು ದೊಡ್ಡ ಮಾತಲ್ಲ, ತಿದ್ದಬಹುದು. ನಾನು ಮೊದ್ಲು ಹುಡುಕೋದು ಬ್ಯಾರೇನ.

ಬ್ಯಾಡಗಿ ಕಡೆ ಇಬ್ರು ದೋಸ್ತ್ರು ಸೇರಿ ಮಷೀನ್ ಹಾಕ್ತಾರ ಅಂತ ಇಟ್ಕೋರಿ. ಒಬ್ಬಾಂವ 12 ಲಕ್ಷ ರೊಕ್ಕ ಹಾಕ್ತಾನ, ಇನ್ನೊಬ್ಬಾಂವ ಶೆಡ್ ಕೊಡ್ತಾನ. ಶೆಡ್ ಫರ್ಮಿಗೇ ಕೊಟ್ರೋ ಬಾಡಿಗಿಗೆ ಕೊಟ್ರೋ ಅಂತ ಕೇಳಿದ್ರ, "ಏ ಸಾಹೇಬ್ರ, ನಮ್ಮಪ್ಪನ ಹೆಸರ್ಲೆ ಐತಿ, ಅವರದಾದ್ರೇನು ನಂದಾದ್ರೇನು" ಅಂತಾನ. ಜಗಳ ಹುಟ್ಟೋದು ಇಲ್ಲೇ ನೋಡ್ರಿ. ಉತಾರದಾಗ (ಆಸ್ತಿ ಯಾರ ಹೆಸರ್ಲೆ ಐತಿ ಅನ್ನೋ ದಾಖಲೆ) ಅಪ್ಪನ ಹೆಸರಿದ್ರ ಮಗ ಅದನ್ನ ಬಂಡವಾಳ ಅಂತ ತರಾಕ ಬರಂಗಿಲ್ಲ. ಸ್ವಂತದ್ದಿದ್ದು ಬಂಡವಾಳಕ್ಕ ಹಾಕಿದ್ರ ಅದು ಫರ್ಮಿನ ಆಸ್ತಿ ಆಗ್ತೈತಿ, ನಾಳೆ ಮುರಕೊಂಡ್ರ ಶೆಡ್ ನಂದು ಅಂತ ಕೀಲಿ ಹಾಕಾಕ ಬರಂಗಿಲ್ಲ, ಮ್ಯಾಲೆ ಅದಕ್ಕ ಟ್ಯಾಕ್ಸಿನ ಲೆಕ್ಕಾನೂ ಬರ್ತೈತಿ. ಅದಕ್ಕ ಹೆಚ್ಚಿನವರಿಗೆ ನಾನು ಹೇಳೋದು ಒಂದ, ಅಪ್ಪಾರ ಕಡಿಂದ ಫರ್ಮಿನ ಹೆಸರಿಗೆ ಬಾಡಿಗಿ ಕರಾರು ಮಾಡಿಸ್ರಿ, ಆ ಕರಾರು, ಉತಾರ, ಹೆಸ್ಕಾಂ ಕರೆಂಟ್ ಬಿಲ್ಲು ಜಿಎಸ್‌ಟಿ ನಂಬರ್ ತಗೊಳ್ಳಾಕೂ ಬೇಕಾಗ್ತಾವ.

ಅಷ್ಟಕ್ಕ ಮುಗೀಲಿಲ್ಲ. ಫರ್ಮಿನ ರೊಕ್ಕದಾಗ ಆ ಶೆಡ್ಡಿಗೆ ಕಾಂಕ್ರೀಟ್ ನೆಲ ಹಾಕಸ್ತೀರಿ, ತ್ರೀ ಫೇಸ್ ಕರೆಂಟ್ ತಗೋತೀರಿ. ಮುಂದ ಬ್ಯಾರೆ ಆಗೋವಾಗ ಮಷೀನ್ ಬಿಚ್ಚಿ ಒಯ್ಯಬಹುದು, ನೆಲ ಹೆಂಗ ಒಯ್ತೀರಿ? ಆ ಖರ್ಚು ಯಾರ ತಲಿಗೆ ಅಂತ ಎರಡು ಸಾಲು ಈಗ ಬರದ್ರ ಸಾಕು.

ಡೀಡಿನಾಗ ಬರೀಲಾರದ್ದಕ್ಕ 1932ರ ಪಾಲುದಾರಿಕೆ ಕಾಯ್ದೆ ತನ್ನ ಉತ್ತರ ಇಟ್ಕೊಂಡೈತಿ, ಅದು ಭಾಳ ಮಂದಿಗೆ ಸೇರಂಗಿಲ್ಲ. ಯಾರು ಎಷ್ಟ ಹಾಕಿರಲಿ ಲಾಭ ನಷ್ಟ ಸಮಪಾಲು, ಮುಂಜಾನಿಂದ ಸಂಜಿ ತನಕ ಮಷೀನ್ ಮುಂದ ನಿಂತಾಂವಗ ಪಗಾರ ಇಲ್ಲ, ಬಂಡವಾಳಕ್ಕ ಬಡ್ಡಿ ಇಲ್ಲ, ಬಂಡವಾಳ ಬಿಟ್ಟು ಮ್ಯಾಲೆ ಕೊಟ್ಟ ರೊಕ್ಕಕ್ಕ ಮಾತ್ರ ವರ್ಷಕ್ಕ 6 ಪರ್ಸೆಂಟ್.

ಟ್ಯಾಕ್ಸಿನ ಕಡೆಯಿಂದ ನೋಡಿದ್ರೂ ಬರೀಲೇಬೇಕು. ಫರ್ಮಿಗೆ 30 ಪರ್ಸೆಂಟ್ ಟ್ಯಾಕ್ಸ್ ಐತಿ, ಅದರಾಗ ಪಾರ್ಟನರ್ ಬಡ್ಡಿ, ಪಗಾರ ಖರ್ಚು ಅಂತ ಕಳೀಬೇಕಂದ್ರ ಡೀಡಿನಾಗ ಇರಬೇಕು. ಬಡ್ಡಿ 12 ಪರ್ಸೆಂಟ್ ತನಕ ನಡೀತೈತಿ, ಪಗಾರ ಕೆಲಸ ಮಾಡೋ ಪಾರ್ಟನರಿಗೆ ಮಾತ್ರ. ‘ಪರಸ್ಪರ ಒಪ್ಪಿಗೆಯಂತೆ’ ಅಂತ ಬಿಟ್ರ ಸಾಲಂಗಿಲ್ಲ, ಎಷ್ಟು ಇಲ್ಲಾ ಯಾವ ಲೆಕ್ಕದಾಗ ಅಂತ ಕಾಣಬೇಕು. ಹಿಂದಿನ ತಾರೀಖಿನಿಂದ ಪಗಾರ ತೋರಸ್ರಿ ಅಂತ ಮಾರ್ಚಿನಾಗ ಬಂದ್ರ ಅದು ಆಗೂದಿಲ್ಲ. ಮತ್ತ 2025ರ ಏಪ್ರಿಲ್ 1ರಿಂದ ಪಾರ್ಟನರ್‌ಗೆ ಕೊಡೋ ಪಗಾರ, ಬಡ್ಡಿ ವರ್ಷಕ್ಕ 20,000 ದಾಟಿದ್ರ 10 ಪರ್ಸೆಂಟ್ ಟಿಡಿಎಸ್ (ಕೊಡೋವಾಗನ ಹಿಡಿಯೋ ಟ್ಯಾಕ್ಸ್) ಹಿಡೀಬೇಕು, ಲಾಭದ ಪಾಲಿಗೆ ಅದು ಹತ್ತಂಗಿಲ್ಲ.

ಸಾವಿನ ಮಾತು ಡೀಡಿನಾಗ ಬ್ಯಾಡ್ರಿ, ಅಪಶಕುನ ಅಂತಾರ. ಮೂರು ಮಂದಿ ಇದ್ರ ಒಬ್ರು ತೀರಿಕೊಂಡ್ರೂ ಫರ್ಮ್ ಮುಂದುವರೀತೈತಿ ಅಂತ ಬರೀಬಹುದು, ಇಬ್ರ ಇದ್ರ ಏನ ಬರದ್ರೂ ಫರ್ಮ್ ಅಲ್ಲಿಗೇ ಮುಗೀತೈತಿ. ಹಂಗಾಗಿ ಯಾವ ತಾರೀಖಿಗೆ ಲೆಕ್ಕ, ಗೋದಾಮಿನ ಮಾಲಿಗೆ ಯಾವ ರೇಟು, ಮನಿಯವರಿಗೆ ಎಷ್ಟು ಕಂತಿನ್ಯಾಗ ಕೊಡೋದು ಅನ್ನೋದನ್ನಾದ್ರೂ ಬರೀರಿ. ಇದನ್ನ ಓದಿ ಹೇಳುವಾಗ ಇಬ್ರೂ ಗೋಡಿ ನೋಡ್ತಾರ, ಖರೇ, ಆದ್ರ ನಾನು ಬಿಡಂಗಿಲ್ಲ.

ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಆದ್ರ ಉದ್ರಿ ಮ್ಯಾಲೆ ಮಾಲು ಕಳಿಸೋರಿಗೆ ಮಾಡಿಸ್ಕೋರಿ ಅಂತನ ಹೇಳ್ತೀನಿ. ರಿಜಿಸ್ಟರ್ ಆಗದ ಫರ್ಮಿಗೆ ವ್ಯವಹಾರದ ಬಾಕಿ ಸಲುವಾಗಿ ಕೋರ್ಟಿಗೆ ಹೋಗಾಕ ದಾರಿ ಇಲ್ಲ, ಅದೇ ನಿಮ್ಮ ಮ್ಯಾಲೆ ಸಾಲ ಕೊಟ್ಟಾಂವ ಕೇಸ್ ಹಾಕಬಹುದು, ಅದೂ ಒಬ್ಬ ಪಾರ್ಟನರ್ ಕಡಿಂದನ ಪೂರಾ ವಸೂಲಿ ಮಾಡಬಹುದು.

ಉಳಿದ ಕಾಗದ ಪತ್ರ ಸಲೀಸು. ಎಲ್ಲಾರ ಪ್ಯಾನ್, ಆಧಾರ್, ಫೋಟೋ, ಇಬ್ರು ಸಾಕ್ಷಿ. ಸ್ಟಾಂಪ್ ಡ್ಯೂಟಿ 2024ರಾಗ ಏರೈತಿ, ಹಳೇ ಡೀಡ್ ನೋಡಿ ಸ್ಟಾಂಪ್ ತಗೋಬ್ಯಾಡ್ರಿ. ಡೀಡ್ ಆದ ಮ್ಯಾಲೆ ಫರ್ಮಿನದ ಪ್ಯಾನ್ ಮಾಡಿಸ್ರಿ, ಅದರ ನಾಲ್ಕನೇ ಅಕ್ಷರ ಎಫ್ ಇರ್ತೈತಿ, ಒಬ್ಬಾಂವನ ಸ್ವಂತ ಪ್ಯಾನಿನ ಮ್ಯಾಲೆ ಖಾತೆ ನಡಸಬ್ಯಾಡ್ರಿ. ಡೀಡಿನಾಗ ‘ಟ್ರೇಡರ್ಸ್’, ಪ್ಯಾನಿನಾಗ ‘ಟ್ರೇಡಿಂಗ್’ ಅಂತ ಆದ್ರ ಬ್ಯಾಂಕಿನವರು ವಾಪಸ್ ಕಳಸ್ತಾರ. ಚೆಕ್ಕಿಗೆ ಇಬ್ರೂ ಸೈ ಹಾಕ್ಬೇಕೋ ಒಬ್ರು ಸಾಕೋ ಅನ್ನೋದೂ ಡೀಡಿನಾಗೇ ಇರಲಿ, ಬ್ಯಾಂಕಿನವರು ಮೊದ್ಲು ಕೇಳೋದು ಅದನ್ನ.