ಮೂರು ನೀಲಿ ಸಾಕೆಟ್‌ಗಳ ಹಿಂದಿನ ಕಥೆ

ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಒಂದು ಹಳೇ ಚಾರ್ಜರ್ ಪೆಟ್ಟಿಗೆ ಇದೆ. ಅದರಲ್ಲಿ ಮೂರು ನೀಲಿ ಸಾಕೆಟ್‌ಗಳು. ಕಳೆದ ದೀಪಾವಳಿಗೆ ಹುಬ್ಬಳ್ಳಿಯಿಂದ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ ಭಾವ, ಕೇಬಲ್ ಹಿಡಿದು ಅದರ ಮುಂದೆ ನಿಂತರು. ಈ ತುದಿ ಹಾಕಿ ನೋಡಿದರು, ಆ ತುದಿ ಹಾಕಿ ನೋಡಿದರು. ಯಾವುದೂ ಕೂರಲಿಲ್ಲ. "ಕರೆಂಟ್ ಐತಿ, ಕಾರ್ ಐತಿ, ಬಾಯಿಗೆ ಬಾಯೇ ಕೂಡವಲ್ದು ನೋಡಪಾ" ಅಂದರು.

ಆ ಸಾಕೆಟ್‌ಗಳನ್ನು ಯಾರೋ ಸುಮ್ನೆ ತಂದು ಹಾಕಿದ್ದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಂದೇ ಭಾರತ್ ಎಸಿ-001, ಭಾರತ್ ಡಿಸಿ-001 ಎಂಬ ಎರಡು ಮಾದರಿ ತಂದಿತು. ಎಸಿ (ಮನೆಗೆ ಬರುವಂಥ ಕರೆಂಟ್) ಪೆಟ್ಟಿಗೆಯಲ್ಲಿ ಮೂರು ಸಾಕೆಟ್, ಒಂದೊಂದಕ್ಕೆ 3.3 ಕಿಲೋವ್ಯಾಟ್. ಡಿಸಿ (ನೇರ ಬ್ಯಾಟರಿಗೇ ಹೋಗುವ ಕರೆಂಟ್) ಪೆಟ್ಟಿಗೆಗೆ 15 ಕಿಲೋವ್ಯಾಟ್, ಚೀನಾದ ಜಿಬಿ/ಟಿ ಮಾದರಿಯ ಗನ್, ಅಂದರೆ ಕಾರಿಗೆ ಚುಚ್ಚುವ ಹಿಡಿಕೆ. ಆಗ ಸರ್ಕಾರಿ ಕಚೇರಿಗಳಿಗೆ ಬಂದದ್ದು ಮಹೀಂದ್ರಾದ ಇ-ವೆರಿಟೊ, ಟಾಟಾದ ಮೊದಲ ಟಿಗೋರ್‌ನಂಥ 72 ವೋಲ್ಟಿನ ಕಾರುಗಳು. ಅವುಗಳಿಗೆ ಇದು ಸರಿಯಾಗಿಯೇ ಇತ್ತು. ಚಾರ್ಜಿಂಗಿನ ಎಐಎಸ್-138 ನಿಯಮಗಳು ಹೊರಬಂದದ್ದೂ ನಮ್ಮೂರಿನಿಂದಲೇ, ವೇತಾಳ ಟೇಕಡಿ ಗುಡ್ಡದ ಮೇಲಿರುವ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆಯಿಂದ. ಆಗ ಮಾಡಿದವರು ತಪ್ಪು ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಕಣ್ಣೆದುರಿಗಿದ್ದ ಕಾರಿಗೆ ತಕ್ಕಂತೆ ಮಾಡಿದರು, ಅಷ್ಟೇ.

2018ರ ಡಿಸೆಂಬರ್‌ನಲ್ಲಿ ಇಂಧನ ಸಚಿವಾಲಯ, ಪ್ರತಿ ಸಾರ್ವಜನಿಕ ಕೇಂದ್ರದಲ್ಲೂ ಐದು ಬಗೆಯ ಚಾರ್ಜರ್ ಇರಲೇಬೇಕು ಅಂದಿತು: ವೇಗದ ಡಿಸಿ ಚಾರ್ಜಿಂಗಿನ ಸಿಸಿಎಸ್ ಮತ್ತು ಜಪಾನಿನ ಚಾಡೆಮೊ, ಎಸಿಯ ಟೈಪ್-2, ಜೊತೆಗೆ ಎರಡು ಭಾರತ್ ಮಾದರಿ. ಖರ್ಚು ಜಾಸ್ತಿ ಆಯಿತು. 2019ರ ಅಕ್ಟೋಬರ್‌ನಲ್ಲಿ ನಿಯಮ ಸಡಿಲಿಸಿ, ಯಾವುದು ಬೇಕೋ ಅದನ್ನು ಹಾಕಿಕೊಳ್ಳಿ ಅಂದರು. ಅಷ್ಟರಲ್ಲಿ ಕಾರುಗಳೇ ತೀರ್ಮಾನ ಮಾಡಿಬಿಟ್ಟಿದ್ದವು. 2019ರ ಜುಲೈಯಲ್ಲಿ ಹ್ಯುಂಡೈ ಕೋನಾ, 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಮತ್ತು ಎಂಜಿ ಜೆಡ್‌ಎಸ್ ಬಂದವು. ಮೂರೂ ಸಿಸಿಎಸ್-2, ಸಿಸಿಎಸ್‌ನದೇ ಒಂದು ಬಗೆ.

ಹಾಗಾದರೆ ಹಳೇ ಪೆಟ್ಟಿಗೆಗಳಲ್ಲಿ ಗನ್ ಮಾತ್ರ ಬದಲಾಯಿಸಿದರೆ ಆಗಲ್ವಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಪೆಟ್ಟಿಗೆಯ ಒಳಗಿದೆ. ಡಿಸಿ-001 ಕಮ್ಮಿ ವೋಲ್ಟೇಜಿನದು. ಇವತ್ತಿನ ಬಹುಪಾಲು ಕಾರಿನ ಬ್ಯಾಟರಿಗೆ 300 ವೋಲ್ಟಿಗೂ ಜಾಸ್ತಿ ಬೇಕು. ಅಲ್ಲಿ ಗನ್ ಬದಲಿಸಿ ಪ್ರಯೋಜನವಿಲ್ಲ, ಕರೆಂಟನ್ನು ಮಾರ್ಪಡಿಸುವ ಒಳಗಿನ ಪವರ್ ಮಾಡ್ಯೂಲೇ ಬದಲಾಗಬೇಕು. ಭಾಷೆಯೂ ಬೇರೆ. ಜಿಬಿ/ಟಿ ಮತ್ತು ಚಾಡೆಮೊ ಕಾರಿನ ಜೊತೆ ಕ್ಯಾನ್ ಎಂಬ ವಿಧಾನದಲ್ಲಿ ಮಾತಾಡುತ್ತವೆ. ಸಿಸಿಎಸ್‌ಗೆ ಪಿಎಲ್‌ಸಿ ಎಂಬ ಬೇರೆಯೇ ವಿಧಾನ ಬೇಕು. ಆದರೆ 50 ಕಿಲೋವ್ಯಾಟಿನ ಪೆಟ್ಟಿಗೆಯಲ್ಲಿ ಕೆಲಸವಿಲ್ಲದೆ ನೇತಾಡುವ ಚಾಡೆಮೊ ಗನ್‌ನ ಕಥೆ ಬೇರೆ. ಅಲ್ಲಿ ಬೇಕಾದ ವೋಲ್ಟೇಜ್ ಮೊದಲೇ ಇರುತ್ತದೆ. ಕಂಟ್ರೋಲರ್, ಕೇಬಲ್, ಸಾಫ್ಟ್‌ವೇರ್ ಬದಲಿಸಿ ಎರಡನೇ ಸಿಸಿಎಸ್ ಗನ್ ಮಾಡಿಕೊಳ್ಳಬಹುದು. ಅಂಥ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಜಾಗ, ಕಾಂಕ್ರೀಟ್ ಕಟ್ಟೆ, ನೆಲದಡಿಯ ಕೇಬಲ್, ಮಂಜೂರಾದ ಲೋಡ್, ಇಷ್ಟನ್ನೆಲ್ಲ ಮತ್ತೆ ಹೊಂದಿಸುವುದು ಎಷ್ಟು ಕಷ್ಟ ಅಂತ ಸೊಸೈಟಿ ಕಮಿಟಿಯಲ್ಲಿ ಕೂತವರಿಗೆ ಗೊತ್ತು.

ನಮ್ಮ ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಒಂದು ಸಾಕೆಟ್‌ನ ಪಿನ್ ಮಳೆಗೆ ಹಸಿರುಗಟ್ಟಿತ್ತು. ಮೂರು ಫೇಸ್ ಬಂದಿದೆ, ಆದರೆ ತಂತಿ ಒಂದೊಂದು ಫೇಸಿಗೆ 16 ಆಂಪಿಯರ್ ಲೆಕ್ಕದ್ದು. ಟೈಪ್-2 ಗನ್‌ನಲ್ಲಿ ಒಂದೇ ಫೇಸಿನಿಂದ 7.4 ಕಿಲೋವ್ಯಾಟ್ ಬೇಕೆಂದರೆ 32 ಆಂಪಿಯರ್ ಹರಿಯಬೇಕು. ಹಳೇ ತಂತಿಯಲ್ಲೇ ಎಳೆದರೆ ಬಿಸಿಯಾಗುತ್ತದೆ, ಬೆಂಕಿಯ ಭಯ. ಹೊಸ ಬ್ರೇಕರ್, ಲೀಕೇಜ್ ಹಿಡಿಯುವ ಆರ್‌ಸಿಡಿ, ಅರ್ಥಿಂಗ್ ಪರೀಕ್ಷೆ, ಇವನ್ನೂ ಬಿಡುವಂತಿಲ್ಲ. ಹಳೇ ಸಾಕೆಟ್ ಕಾರಿನ ಜೊತೆ ಮಾತೇ ಆಡುತ್ತಿರಲಿಲ್ಲ. ಟೈಪ್-2ನಲ್ಲಿ ಎಷ್ಟು ಆಂಪಿಯರ್ ಎಳೆಯಬಹುದು ಅಂತ ಚಾರ್ಜರ್ ಮೊದಲೇ ಕಾರಿಗೆ ಹೇಳುತ್ತದೆ. ಗನ್ ಸರಿಯಾಗಿ ಕೂತ ಮೇಲೆಯೇ ಕರೆಂಟ್ ಬಿಡುತ್ತದೆ.

ಕಮಿಟಿ ಒಪ್ಪಿದ್ದು ಹೀಗೆ: ಒಂದು ಟೈಪ್-2 ಗನ್, ಸ್ಕೂಟರಿನವರಿಗೆ ಒಂದು ಮೂರು ಪಿನ್ನಿನ ಸಾಕೆಟ್, ಹಸಿರುಗಟ್ಟಿದ್ದನ್ನು ಮುಚ್ಚುವುದು. ಮಳೆ ನಿಂತ ಮೇಲೆ ದಪ್ಪ ಕೇಬಲ್ ಎಳೆಯುತ್ತಾರೆ. ಭಾವ ಈಗಲೇ ಫೋನ್ ಮಾಡಿ ಕೇಳುತ್ತಿದ್ದಾರೆ.